ಡಿಸ್ಕ್ ಕಾಣದಿದ್ದರೆ ಡಿಸ್ಕ್ ಇಲ್ಲವೆಂದರ್ಥವೆ?

‘ಕಾಣಲಿಲ್ಲ’ ಎಂಬ ಮಾತಿಗೂ ‘ಇಲ್ಲ’ ಎಂಬ ಮಾತಿಗೂ ಬಹಳ ಅಂತರವುಂಟು. ಕೆರೆಯಲ್ಲಿ ನೀರು ತುಂಬಿದ್ದರೂ ತೂಬು ತೆರೆಯದಿದ್ದರೆ ಗದ್ದೆಗೆ ನೀರು ಬಾರದು. ಗದ್ದೆ ಒಣಗಿತೆಂದ ಮಾತ್ರಕ್ಕೆ ಕೆರೆಯೇ ಬತ್ತಿಹೋಯಿತೆಂದು ಬಗೆದು ಏರಿಯನ್ನು ಒಡೆಯಹೊರಡುವ ರೈತನನ್ನು ಮಾಗಡಿ ಸೀಮೆಯಲ್ಲಿ ನಾವೆಲ್ಲಿಯೂ ಕಾಣಲಾರೆವು. ಅವನು ಮೊದಲು ಹೋಗಿ ನೋಡುವುದು ತೂಬನ್ನು, ಅನಂತರ ಕಾಲುವೆಯನ್ನು. ಆದರೆ ಗಣಕಯಂತ್ರದ ಮುಂದೆ ಕುಳಿತ ನಮ್ಮ ವಿದ್ಯಾವಂತರು ಈ ವಿವೇಕವನ್ನು ಎಷ್ಟೋ ವೇಳೆ ಮರೆಯುತ್ತಾರೆ. ತೆರೆಯ ಮೇಲೆ ‘ಡಿಸ್ಕ್ ಸಿಗಲಿಲ್ಲ’ ಎಂಬ ಒಂದು ವಾಕ್ಯ ಮೂಡಿತೆಂದರೆ ಸಾಕು, ‘ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಬಿಡಿ’ ಎಂಬ ಸಲಹೆ ಸಿದ್ಧವಾಗಿರುತ್ತದೆ. ಈ ಅಭ್ಯಾಸವು ಅವೈಜ್ಞಾನಿಕವಾದುದು ಮಾತ್ರವಲ್ಲ, ಅಪಾಯಕರವಾದುದು ಕೂಡ. ಇದನ್ನು ಬಿಡಿಸಲು ಬೇಕಾದ ಶಿಕ್ಷಣವನ್ನು ನಮ್ಮ ಕಾಲೇಜುಗಳು ಹೆಚ್ಚು ವೆಚ್ಚವಿಲ್ಲದೆ ಕೊಡಬಹುದೆಂಬುದೇ ಈ ಲೇಖನದ ವಾದ. ಅದಕ್ಕೆ ಬೇಕಾದ ಸಾಧನವೆಂದರೆ ವರ್ಚುವಲ್ ಮೆಷೀನ್, ಅಂದರೆ ಕಲ್ಪಿತ ಯಂತ್ರ.

ಕಲ್ಪಿತ ಯಂತ್ರವೆಂದರೇನು? ಒಂದು ನಿಜವಾದ ಗಣಕಯಂತ್ರದೊಳಗೆ ಹೈಪರ್‌ವೈಸರ್ ಎಂಬ ತಂತ್ರಾಂಶವು ಮತ್ತೊಂದು ಗಣಕಯಂತ್ರದ ವೇಷವನ್ನು ಕಟ್ಟುತ್ತದೆ. ಒಳಗಿನ ಆಪರೇಟಿಂಗ್ ಸಿಸ್ಟಂ ತಾನೊಂದು ನಿಜವಾದ ಯಂತ್ರದ ಮೇಲೆಯೇ ನಡೆಯುತ್ತಿರುವೆನೆಂಬಂತೆ ವರ್ತಿಸುತ್ತದೆ. ಇದು ಹೊಸ ಕಲ್ಪನೆಯೇನೂ ಅಲ್ಲ. 1960ರ ದಶಕದಲ್ಲಿಯೇ ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಸಂಸ್ಥೆಯ ವಿಜ್ಞಾನ ಕೇಂದ್ರದವರು ಸಿಪಿ-40, ಸಿಪಿ-67 ಎಂಬ ವ್ಯವಸ್ಥೆಗಳಲ್ಲಿ ಒಂದೇ ದೊಡ್ಡ ಯಂತ್ರವನ್ನು ಹಲವು ಕಲ್ಪಿತ ಯಂತ್ರಗಳಾಗಿ ಹಂಚಿಕೊಟ್ಟಿದ್ದರು. ಡಿಸ್ಕನ್ನು ಸಹ ಅವರು ‘ಮಿನಿಡಿಸ್ಕ್’ಗಳೆಂಬ ಭಾಗಗಳಾಗಿ ವಿಂಗಡಿಸಿದರು, ತನಗೆ ದೊರೆತ ಭಾಗವೇ ಒಂದು ಪೂರ್ಣ ಡಿಸ್ಕೆಂಬಂತೆ ಪ್ರತಿಯೊಬ್ಬ ಬಳಕೆದಾರನೂ ಅದನ್ನು ಬಳಸುತ್ತಿದ್ದನು. ಇಂದು ನಮ್ಮ ಮೇಜಿನ ಮೇಲಿನ ಸಾಮಾನ್ಯ ಗಣಕದಲ್ಲಿಯೂ ಇದು ಸಾಧ್ಯ. ಅಲ್ಲಿ ಕಲ್ಪಿತ ಯಂತ್ರದ ಡಿಸ್ಕ್ ಎಂಬುದು ಸಾಮಾನ್ಯವಾಗಿ ಹೊರಗಿನ ಯಂತ್ರದಲ್ಲಿರುವ ಒಂದು ದೊಡ್ಡ ಕಡತವಷ್ಟೆ.

ಇಲ್ಲಿಯೇ ತೂಬಿನ ಪ್ರಶ್ನೆ ಬರುವುದು. ಆಪರೇಟಿಂಗ್ ಸಿಸ್ಟಂ ಡಿಸ್ಕಿನೊಡನೆ ನೇರವಾಗಿ ಮಾತನಾಡುವುದಿಲ್ಲ. ನಡುವೆ ಕಂಟ್ರೋಲರ್ ಎಂಬ ಉಪಕರಣವಿರುತ್ತದೆ; ಅದರ ಭಾಷೆಯನ್ನು ಬಲ್ಲ ದುಭಾಷಿಯೇ ಡ್ರೈವರ್. ಕಲ್ಪಿತ ಯಂತ್ರದಲ್ಲಿ ಈ ಕಂಟ್ರೋಲರ್ ಕೂಡ ಕಲ್ಪಿತವೇ. ಅದು ಹಳೆಯ ಐಡಿಇ ಕಂಟ್ರೋಲರಿನ ಅನುಕರಣೆಯಾಗಿದ್ದರೆ ಅದರ ಭಾಷೆ ಬಹುಮಟ್ಟಿಗೆ ಎಲ್ಲ ವ್ಯವಸ್ಥೆಗಳಿಗೂ ತಿಳಿದದ್ದೇ; ಆದರೆ ಕೆಲಸ ನಿಧಾನ. ಏಕೆಂದರೆ ಇಲ್ಲದ ಉಪಕರಣದ ಒಂದೊಂದು ಗುಂಡಿಯನ್ನು ಒತ್ತಿದಾಗಲೂ ಹೈಪರ್‌ವೈಸರ್ ಮಧ್ಯೆ ಬಂದು ನಟಿಸಬೇಕಾಗುತ್ತದೆ. ಈ ವ್ಯರ್ಥಶ್ರಮವನ್ನು ತಪ್ಪಿಸಲು ಆಸ್ಟ್ರೇಲಿಯದ ರಸ್ಟಿ ರಸೆಲ್ ಎಂಬವರು ‘ವರ್ಟ್‌ಐಒ’ ಎಂಬ ಪದ್ಧತಿಯನ್ನು ರೂಪಿಸಿದರು. 2008ರಲ್ಲಿ ಅದು ಲಿನಕ್ಸಿನೊಳಗೆ ಸೇರಿತು. ನಟನೆಯನ್ನು ಬಿಟ್ಟು, ಒಳಗಿನವರೂ ಹೊರಗಿನವರೂ ಸ್ಮೃತಿಯಲ್ಲಿ ಒಂದು ಸಾಲನ್ನು ಹಂಚಿಕೊಂಡು, ಅದರಲ್ಲಿ ಬೇಡಿಕೆಗಳನ್ನು ಇಡುವುದು, ತೆಗೆದುಕೊಳ್ಳುವುದು: ಇಷ್ಟೇ ಅದರ ಮರ್ಮ. ವೇಗ ಹೆಚ್ಚಿತು. ಆದರೆ ಈ ಹೊಸ ಭಾಷೆಯ ದುಭಾಷಿ ಎಲ್ಲರ ಮನೆಯಲ್ಲಿಯೂ ಇರಲಿಲ್ಲ.

ಆದುದರಿಂದಲೇ ವರ್ಟ್‌ಐಒ ಡಿಸ್ಕಿನ ಮೇಲೆ ವಿಂಡೋಸನ್ನು ಸ್ಥಾಪಿಸಹೊರಟವನಿಗೆ ‘ಯಾವ ಡಿಸ್ಕೂ ಕಾಣುತ್ತಿಲ್ಲ’ ಎಂಬ ಉತ್ತರ ಬರುತ್ತದೆ. ವಿಂಡೋಸಿನ ಸ್ಥಾಪನಾ ಮುದ್ರಿಕೆಯಲ್ಲಿ ಆ ಡ್ರೈವರ್ ಇರುವುದಿಲ್ಲ. ಡ್ರೈವರುಗಳನ್ನು ಹೊಂದಿದ ಎರಡನೆಯ ಮುದ್ರಿಕೆಯನ್ನು ಜೋಡಿಸಿ, ‘ಡ್ರೈವರ್ ತುಂಬು’ ಎಂಬ ಗುಂಡಿಯನ್ನು ಒತ್ತಿ, ತಕ್ಕ ಕಡತವನ್ನು ತೋರಿಸಿದೊಡನೆ ಡಿಸ್ಕ್ ಪ್ರತ್ಯಕ್ಷವಾಗುತ್ತದೆ. ‘ತಕ್ಕ’ ಎಂಬ ಮಾತನ್ನು ಗಮನಿಸಿರಿ. ವರ್ಟ್‌ಐಒ ಬ್ಲಾಕ್ ಡಿಸ್ಕಿಗೆ ‘ವಿಯೊಸ್ಟೋರ್’ ಬೇಕು. ವರ್ಟ್‌ಐಒ ಸ್ಕಸಿ ಕಂಟ್ರೋಲರಿಗೆ ‘ವಿಯೊಸ್ಕಸಿ’ ಬೇಕು. ಒಂದರ ಬದಲು ಇನ್ನೊಂದನ್ನು ಕೊಟ್ಟರೆ ತೆರೆ ಬರಿದಾಗಿಯೇ ಉಳಿಯುತ್ತದೆ.

ಇದಕ್ಕಿಂತ ಸ್ವಾರಸ್ಯವಾದುದು ಮತ್ತೊಂದು ಪ್ರಸಂಗ. ಐಡಿಇ ಕಂಟ್ರೋಲರಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ವಿಂಡೋಸ್ ಯಂತ್ರವನ್ನು ನಿಲ್ಲಿಸಿ, ವೇಗದ ಆಸೆಯಿಂದ ಅದರ ಡಿಸ್ಕನ್ನು ವರ್ಟ್‌ಐಒಗೆ ಬದಲಾಯಿಸಿದರೆ, ಯಂತ್ರವು ಏಳುತ್ತಿರುವಾಗಲೇ ನೀಲಿ ತೆರೆಯನ್ನು ತೋರಿಸಿ ನಿಂತುಬಿಡುತ್ತದೆ. ಆರಂಭದ ಡಿಸ್ಕನ್ನು ತಲುಪಲಾಗಲಿಲ್ಲ ಎಂಬುದೇ ಅದರ ದೂರು. ಡಿಸ್ಕನ್ನು ತೆರೆಯಲು ಡ್ರೈವರ್ ಬೇಕು. ಡ್ರೈವರನ್ನು ಕ್ರಮವಾಗಿ ಸ್ಥಾಪಿಸಲು ವ್ಯವಸ್ಥೆ ಆ ಡಿಸ್ಕಿನಿಂದಲೇ ಎದ್ದು ನಿಲ್ಲಬೇಕು. ಬೀಗದ ಕೈಯನ್ನು ಕೋಣೆಯೊಳಗಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡಂತಾಯಿತು! ಪರಿಹಾರ ಸುಲಭ. ಡಿಸ್ಕನ್ನು ಮರಳಿ ಐಡಿಇಗೆ ತಂದು, ಅದರ ಜೊತೆಗೆ ಒಂದು ಚಿಕ್ಕ ಖಾಲಿ ಡಿಸ್ಕನ್ನು ವರ್ಟ್‌ಐಒ ಮೂಲಕ ಜೋಡಿಸಬೇಕು. ಯಂತ್ರ ಎದ್ದ ಮೇಲೆ ಆ ಹೊಸ ಡಿಸ್ಕಿನ ನೆಪದಲ್ಲಿ ಡ್ರೈವರನ್ನು ಸ್ಥಾಪಿಸಿ, ಯಂತ್ರವನ್ನು ನಿಲ್ಲಿಸಿ, ಅನಂತರ ಮುಖ್ಯ ಡಿಸ್ಕನ್ನು ಬದಲಾಯಿಸಬೇಕು. ಲಿನಕ್ಸಿನಲ್ಲಿಯೂ ಇದರ ಸೋದರ ತೊಂದರೆಗಳುಂಟು. ಆರಂಭಕಾಲದಲ್ಲಿ ಸ್ಮೃತಿಗೆ ಬರುವ ಚಿಕ್ಕ ಕಡತವ್ಯವಸ್ಥೆಯಲ್ಲಿ ವರ್ಟ್‌ಐಒ ಘಟಕ ಇಲ್ಲದಿರಬಹುದು; ಅಥವಾ ನಿನ್ನೆಯವರೆಗೆ ‘ಎಸ್‌ಡಿಎ’ ಎಂದು ಕರೆಯಿಸಿಕೊಳ್ಳುತ್ತಿದ್ದ ಡಿಸ್ಕ್ ಇಂದು ‘ವಿಡಿಎ’ ಆಗಿರಬಹುದು. ಹೆಸರು ಬದಲಾಯಿತೇ ಹೊರತು ಒಳಗಿನ ಸರಕು ಬದಲಾಗಿಲ್ಲ.

ಈ ಎಲ್ಲ ಪ್ರಸಂಗಗಳಲ್ಲಿಯೂ ಒಂದು ಸಮಾನಾಂಶವನ್ನು ವಾಚಕರು ಕಂಡಿರಬಹುದು. ಎಲ್ಲಿಯೂ ದತ್ತಾಂಶ ನಷ್ಟವಾಗಿರಲಿಲ್ಲ. ನಷ್ಟವಾಗುವುದು, ಗಾಬರಿಗೊಂಡವನು ‘ಫಾರ್ಮ್ಯಾಟ್’ ಎಂಬ ಗುಂಡಿಯನ್ನು ಒತ್ತಿದಾಗ. ರೋಗಕ್ಕಿಂತ ಮದ್ದೇ ಘೋರವಾಗುವುದೆಂದರೆ ಇದೇ.

ಇದು ಕೇವಲ ಪ್ರಯೋಗಶಾಲೆಯ ಆಟವೆಂದು ಭಾವಿಸಬಾರದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ದೋಷಯುಕ್ತ ಕಡತದಿಂದ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ನೀಲಿ ತೆರೆ ತೋರಿಸಿ ಕುಸಿದವು. ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ಅವುಗಳ ಸಂಖ್ಯೆ ಸುಮಾರು 85 ಲಕ್ಷ. ಕೆಂಪೇಗೌಡರ ಹೆಸರನ್ನು ಹೊತ್ತ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಅಂದು ಪ್ರಯಾಣಿಕರ ನೋಂದಣಿ ಕುಂಠಿತವಾಯಿತು. ದೇಶದ ಕೆಲವೆಡೆ ಪ್ರವೇಶಪತ್ರಗಳನ್ನು ಕೈಯಲ್ಲಿಯೇ ಬರೆದುಕೊಡಬೇಕಾಯಿತು. ಅಲ್ಲಿ ಕೆಟ್ಟದ್ದು ಡಿಸ್ಕಿನ ಡ್ರೈವರಲ್ಲ, ನಿಜ. ಆದರೆ ವ್ಯವಸ್ಥೆಯ ಅಂತರಾಳದಲ್ಲಿ ನಡೆಯುವ ಡ್ರೈವರೇ. ಕಲ್ಪಿತ ಯಂತ್ರಗಳನ್ನು ಉಳಿಸಿಕೊಂಡ ವಿಧಾನ ಮನನೀಯವಾಗಿದೆ. ಕೆಟ್ಟ ಯಂತ್ರದ ಡಿಸ್ಕನ್ನು ಬಿಡಿಸಿ, ಸುಸ್ಥಿತಿಯಲ್ಲಿದ್ದ ಮತ್ತೊಂದು ಕಲ್ಪಿತ ಯಂತ್ರಕ್ಕೆ ಎರಡನೆಯ ಡಿಸ್ಕಾಗಿ ಜೋಡಿಸಿ, ಆ ಒಂದೇ ಕಡತವನ್ನು ಅಳಿಸಿ, ಡಿಸ್ಕನ್ನು ಮೊದಲಿನ ಸ್ಥಾನಕ್ಕೆ ಮರಳಿಸಿದರು. ಎಲ್ಲವನ್ನೂ ಅಳಿಸಿ ಮತ್ತೆ ಕಟ್ಟುವ ಅಗತ್ಯ ಬೀಳಲಿಲ್ಲ.

ನಮ್ಮ ಮನೆಯ ಬಾಗಿಲಿಗೇ ಈ ಪ್ರಶ್ನೆಯನ್ನು ತರೋಣ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಮಾಗಡಿಯ ರೈತನೊಬ್ಬನ ಎರಡೆಕರೆ ರಾಗಿ ಹೊಲದ ಒಡೆತನವು ಇಂದು ಯಾವುದೋ ಡಿಸ್ಕಿನ ಮೇಲಿನ ಕೆಲವು ಅಕ್ಷರಗಳಲ್ಲಿ ನಿಂತಿದೆ. ಆಸ್ಪತ್ರೆಯ ದಾಖಲೆ, ಸಹಕಾರ ಸಂಘದ ಲೆಕ್ಕ, ವಿದ್ಯಾರ್ಥಿಯ ಅಂಕಪಟ್ಟಿ ಎಲ್ಲವೂ ಹಾಗೆಯೇ. ಇಂತಹ ದಾಖಲೆಗಳನ್ನು ಕಾಯುವ ಕೆಲಸ ನಾಳೆ ಇಂದಿನ ವಿದ್ಯಾರ್ಥಿಗಳ ಕೈಗೆ ಬರುವುದು. ಅಂದು ತೆರೆಯ ಮೇಲೆ ‘ಡಿಸ್ಕ್ ಸಿಗಲಿಲ್ಲ’ ಎಂದು ಮೂಡಿದರೆ ಅವರ ಕೈ ಯಾವ ಗುಂಡಿಯತ್ತ ಚಲಿಸಬೇಕು?

ಆದ್ದರಿಂದ ನನ್ನ ಸೂಚನೆ ಇದು. ಪ್ರತಿ ಕಾಲೇಜಿನ ಗಣಕ ಪ್ರಯೋಗಶಾಲೆಯಲ್ಲಿ, ಯಂತ್ರವನ್ನು ಬಳಸುವ ಪಾಠದ ಜೊತೆಗೆ, ಕೆಟ್ಟ ಯಂತ್ರವನ್ನು ಪರೀಕ್ಷಿಸುವ ಪಾಠವೂ ಇರಬೇಕು. ಅಧ್ಯಾಪಕರು ಒಂದು ಕಲ್ಪಿತ ಯಂತ್ರವನ್ನು ಬೇಕೆಂದೇ ಕೆಡಿಸಿ ಕೊಡಲಿ. ವಿದ್ಯಾರ್ಥಿಯು ಮೊದಲು ಡಿಸ್ಕ್-ಕಡತದ ಪ್ರತಿಯೊಂದನ್ನು ತೆಗೆದಿಡಲಿ. ಅನಂತರ ಕ್ರಮವಾಗಿ ಕೇಳಿಕೊಳ್ಳಲಿ: ಹೊರಗಿನ ಯಂತ್ರದಲ್ಲಿ ಕಡತವಿದೆಯೆ? ಕಲ್ಪಿತ ಯಂತ್ರಕ್ಕೆ ಅದು ಜೋಡಣೆಯಾಗಿದೆಯೆ? ಕಂಟ್ರೋಲರ್ ಯಾವುದು? ಅದರ ಡ್ರೈವರ್ ಒಳಗಿನ ವ್ಯವಸ್ಥೆಗೆ ದೊರೆತಿದೆಯೆ? ಡಿಸ್ಕಿನ ಹೆಸರು ಬದಲಾಗಿದೆಯೆ? ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಲಿ. ಬದಲಾಯಿಸುವ ಮುನ್ನವೇ ಏನಾಗುವುದೆಂಬ ತನ್ನ ಊಹೆಯನ್ನು ಪುಸ್ತಕದಲ್ಲಿ ಬರೆದಿಡಲಿ. ಊಹೆ ಸುಳ್ಳಾದರೆ ಅದೂ ಲಾಭವೇ. ಏಕೆಂದರೆ ಒಂದು ಕಾರಣವನ್ನು ಕೈಬಿಟ್ಟಂತಾಯಿತು.

ಇದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಇದು ರಿಪೇರಿಯವನ ಕೆಲಸ, ವಿಜ್ಞಾನವಲ್ಲ ಎಂಬುದು ಮೊದಲನೆಯದು. ಆದರೆ ಊಹೆ, ಪರೀಕ್ಷೆ, ನಿರಾಕರಣೆ ಎಂಬ ಕ್ರಮವೇ ವಿಜ್ಞಾನದ ಪ್ರಾಣವಲ್ಲವೆ? ಉಪ್ಪಿನ ವಿಶ್ಲೇಷಣೆಯಲ್ಲಿ ರಸಾಯನಶಾಸ್ತ್ರದ ವಿದ್ಯಾರ್ಥಿ ಮಾಡುವುದೂ ಇದನ್ನೇ. ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಅಷ್ಟು ಬಲವಾದ ಯಂತ್ರಗಳೆಲ್ಲಿವೆ ಎಂಬುದು ಎರಡನೆಯದು. ಇದರಲ್ಲಿ ಸತ್ಯಾಂಶವುಂಟು, ಹಳೆಯ ಗಣಕದಲ್ಲಿ ವಿಂಡೋಸಿನ ಕಲ್ಪಿತ ಯಂತ್ರ ತೆವಳುತ್ತದೆ. ಆದರೆ ಚಿಕ್ಕ ಲಿನಕ್ಸೊಂದು ಸ್ವಲ್ಪ ಸ್ಮೃತಿಯಲ್ಲಿಯೇ ನಡೆಯುವುದು. ಕ್ಯೂಎಂಯು, ವರ್ಚುವಲ್‌ಬಾಕ್ಸ್‌ಗಳಂತಹ ಹೈಪರ್‌ವೈಸರುಗಳು ಬೆಲೆಯಿಲ್ಲದೆ ದೊರೆಯುತ್ತವೆ. ಒಂದೇ ಒಂದು ನಿಜವಾದ ಡಿಸ್ಕನ್ನು ಕೆಡಿಸುವ ಧೈರ್ಯ ಯಾವ ಕಾಲೇಜಿಗೂ ಇರದು. ಕಲ್ಪಿತ ಡಿಸ್ಕನ್ನಾದರೋ ದಿನಕ್ಕೆ ಹತ್ತು ಬಾರಿ ಕೆಡಿಸಿದರೂ ಪ್ರತಿಯಿಂದ ಮರಳಿ ತರಬಹುದು. ಬಡ ಪ್ರಯೋಗಶಾಲೆಗೆ ಇದಕ್ಕಿಂತ ಅಗ್ಗದ ಉಪಕರಣ ಬೇರಿಲ್ಲ.

ವಿದ್ಯಾರ್ಥಿಗಳು ಅಧ್ಯಾಪಕರ ದಾರಿ ಕಾಯಬೇಕಾದುದೂ ಇಲ್ಲ. ಇಬ್ಬರು ಸ್ನೇಹಿತರು ಕೂಡಿ, ಒಬ್ಬನು ಕೆಡಿಸಿಕೊಟ್ಟದ್ದನ್ನು ಇನ್ನೊಬ್ಬನು ಕಂಡುಹಿಡಿಯಬಹುದು. ಮರುವಾರ ಪಾತ್ರಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಡ್ರೈವರುಗಳ ಹೆಸರುಗಳು ಕೆಲವು ವರ್ಷಗಳಲ್ಲಿ ಹಳತಾಗಿ ಮರೆಯಾಗಲಿ, ಚಿಂತೆಯಿಲ್ಲ. ಅಳಿಸುವ ಮುನ್ನ ತೂಬನ್ನು ನೋಡಬೇಕೆಂಬ ಬುದ್ಧಿ ನಿಂತರೆ ಸಾಕು. ಅದರಿಂದ ಎಷ್ಟೋ ಜನರ ಪಹಣಿ, ಅಂಕಪಟ್ಟಿಗಳು ಉಳಿದಾವು.