ಅಬಿಡ್ಸ್: ಒಂದೇ ಬೀದಿಯ ಎರಡು ತೀರ್ಪು

ಅಬಿಡ್ಸ್ ಸೇರಿರುವ ಗೋಶಾಮಹಲ್ ವಿಧಾನಸಭಾ ಕ್ಷೇತ್ರದಲ್ಲಿ 2009ರಲ್ಲಿ ಕಾಂಗ್ರೆಸ್ಸಿನ ಮುಖೇಶ್ ಗೌಡ್ ಗೆದ್ದರು. ಅನಂತರ 2014, 2018 ಹಾಗೂ 2023ರಲ್ಲಿ ಭಾರತೀಯ ಜನತಾ ಪಕ್ಷದ ಟಿ. ರಾಜಾ ಸಿಂಗ್ ಆರಿಸಿಬಂದರು. 2018ರಲ್ಲಿ ಇಡೀ ತೆಲಂಗಾಣದಲ್ಲಿ ಆ ಪಕ್ಷಕ್ಕೆ ದೊರೆತದ್ದು ಇದೊಂದೇ ಸ್ಥಾನ.

ಆದರೆ ಇದೇ ಮತದಾರರನ್ನು 2009ರಿಂದಲೂ ಲೋಕಸಭೆಯಲ್ಲಿ ಪ್ರತಿನಿಧಿಸುತ್ತಿರುವವರು ಮಜ್ಲಿಸ್ ಪಕ್ಷದ ಅಸಾದುದ್ದೀನ್ ಓವೈಸಿ. ಇದನ್ನು ಮತದಾರರ ಚಂಚಲತೆಯೆಂದು ಭಾವಿಸಲಾಗದು. ಹೈದರಾಬಾದ್ ಲೋಕಸಭಾ ಕ್ಷೇತ್ರದಲ್ಲಿರುವ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಉಳಿದ ಆರನ್ನೂ 2023ರಲ್ಲಿ ಗೆದ್ದುದು ಮಜ್ಲಿಸ್. ಗೋಶಾಮಹಲಿನಲ್ಲಿ ಅದು ಅಭ್ಯರ್ಥಿಯನ್ನೇ ನಿಲ್ಲಿಸಲಿಲ್ಲ. ಲೋಕಸಭಾ ಎಣಿಕೆಯಲ್ಲಿ ಒಂದು ಕ್ಷೇತ್ರದ ಒಲವು ಆರರ ಒಲವಿನಲ್ಲಿ ಮುಳುಗಿಹೋಗುತ್ತದೆ.

2025ರಲ್ಲಿ ರಾಜಾ ಸಿಂಗ್ ಪಕ್ಷವನ್ನು ತೊರೆದರು. ಮೂರು ಬಾರಿ ಬಿದ್ದ ಮತ ಪಕ್ಷಕ್ಕೋ ವ್ಯಕ್ತಿಗೋ ಎಂಬ ಪ್ರಶ್ನೆಗೆ ಮುಂದಿನ ಚುನಾವಣೆಯೇ ಉತ್ತರಿಸಬೇಕು.

ಹೈದರಾಬಾದ್ ಲೋಕಸಭಾ ಕ್ಷೇತ್ರದಲ್ಲಿ 2024ರಲ್ಲಿ ಅರ್ಧದಷ್ಟು ಮತದಾರರೂ ಮತ ಚಲಾಯಿಸಲಿಲ್ಲ. ಫಲಿತಾಂಶ ಮೊದಲೇ ಗೊತ್ತೆಂದು ಮನೆಯಲ್ಲುಳಿಯುವವರು ತಮ್ಮ ಒಲವನ್ನು ದಾಖಲಿಸುವ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ. ತಲೆಮಾರುಗಳಿಂದ ಇಲ್ಲಿ ನೆಲೆಸಿರುವ ಕನ್ನಡಿಗರು ಸಂಖ್ಯೆಯಲ್ಲಿ ಅಲ್ಪರು. ಅಲ್ಪಸಂಖ್ಯೆಯವರ ಮಾತು ಪಕ್ಷಗಳಿಗೆ ಕೇಳಿಸಬೇಕಾದರೆ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಮತಗಟ್ಟೆಯಲ್ಲಿ ಹಾಜರಿಯೂ ಇರಬೇಕು.