ಓಪನ್ ಹೌಸ್ ಇಟ್ರೆ ಮನೆ ಸೇಲ್ ಆಗತ್ತಾ?

ಭಾಗ 4. ಗೊತ್ತಲ್ಲ, ಅಜ್ಜಿ ಆಪರೇಷನ್ ಸಾಲ ತೀರಿಸೋಕೆ ಮೈಸೂರಿನ ತಾತನ ಮನೆ ಮಾರ್ತಿದೀವಿ. ಬ್ರೋಕರ್ ಅಂಕಲ್ ಐಡಿಯಾ ಕೊಟ್ರು: "ಭಾನುವಾರ ಓಪನ್ ಹೌಸ್ ಇಡೋಣ, ಅಮೆರಿಕದಲ್ಲಿ ಹಿಂಗೇ ಮಾಡೋದು."

ಸರಿ, 10ರಿಂದ 1 ಗಂಟೆವರೆಗೆ ಬಾಗಿಲು ತೆಗೆದಿಟ್ವಿ. 23 ಜನ ಬಂದ್ರು. ಅಮ್ಮ ಕಾಫಿ ಮಾಡಿದ್ದೇ ಮಾಡಿದ್ದು. ಅರ್ಧ ಜನ ನಮ್ಮ ಬೀದಿಯವ್ರೇ, ರೇಟ್ ತಿಳ್ಕೊಳ್ಳೋಕೆ! ಒಬ್ರು ದೇವರಮನೆ ಈಶಾನ್ಯದಲ್ಲಿಲ್ಲ ಅಂತ ಅಲ್ಲಿಂದಲೇ ವಾಪಸ್. ಅಜ್ಜಿ ಹಿತ್ತಲಲ್ಲೇ ಕೂತಿದ್ರು, ಎಲ್ರೂ ಹೋಗೋವರೆಗೂ ಒಳಗೆ ಬರಲಿಲ್ಲ.

ನನ್ನ ಪ್ರಕಾರ ಓಪನ್ ಹೌಸ್‌ಗೆ ನೋಡೋರು ಬರ್ತಾರೆ, ಕೊಳ್ಳೋರಲ್ಲ. ಲಾಭ ಆಗಿದ್ದು ಬ್ರೋಕರ್‌ಗೆ, ಬಂದವರ ನಂಬರೆಲ್ಲಾ ಅವರ ಡೈರೀಲಿ. ಬಿಲ್ಡರ್ ಆದ್ರೆ ಬೇರೆ ಮಾತು, ಈ ಫ್ಲ್ಯಾಟ್ ಬೇಡ ಅಂದ್ರೆ ಇನ್ನೊಂದು ತೋರಿಸ್ತಾರೆ. ನಮ್ಮ ಹತ್ರ ಇರೋದು ಒಂದೇ ಮನೆ.

ನಿಜವಾಗ್ಲೂ ತಗೊಳ್ಳೋರು ಕೇಳಿದ್ದು ಪೇಪರ್ಸ್. ಒಬ್ರೇ ಒಬ್ರು ಕೇಳಿದ್ರು: ಇ-ಖಾತಾ ಇದೆಯಾ, ಇಸಿ ಇದೆಯಾ? ಅಪ್ಪ ತಲೆ ತಗ್ಗಿಸಿದ್ರು. ಖಾತೆ ಇನ್ನೂ ತಾತನ ಹೆಸರಲ್ಲೇ ಇದೆ, ಇ-ಖಾತಾ ಇಲ್ದೆ ಈಗ ರಿಜಿಸ್ಟ್ರೇಷನ್ ಆಗಲ್ಲ. ಮೇಲಿಂದ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2 ಆಗಿದೆ. 60 ಲಕ್ಷದ ಮನೆಗೆ 60 ಸಾವಿರ ಎಕ್ಸ್‌ಟ್ರಾ. ಅದನ್ನ ಕೊಳ್ಳೋರು ನಮ್ಮ ರೇಟಲ್ಲೇ ಕಡಿತಾರೆ, ಕಾಫಿ ಎಷ್ಟು ಸ್ಟ್ರಾಂಗ್ ಇದ್ರೂ.

ಎರಡನೇ ಭಾನುವಾರ ಬೇಡ ಅಂದ್ವಿ. ಹೆಂಗೂ ಆಷಾಢ, ಯಾರೂ ಅಡ್ವಾನ್ಸ್ ಕೊಡಲ್ಲ. ಅಷ್ಟರಲ್ಲಿ ಪೌತಿ ಖಾತೆಗೆ ಅರ್ಜಿ ಹಾಕ್ತಿದೀವಿ. ಆಮೇಲೆ ಫೋನ್ ಮಾಡ್ಕೊಂಡು ಒಬ್ಬೊಬ್ರೇ ಬರ್ಲಿ. ಅಜ್ಜಿನೇ ಮನೆ ತೋರಿಸ್ತೀನಿ ಅಂದಿದಾರೆ.