ಭಂಗಾರವೋ ಬಂಗಾರವೋ

ನಮ್ಮ ಗಡಿಭಾಗದ ಕನ್ನಡದಲ್ಲಿ ಒಂದು ಅಲ್ಪಪ್ರಾಣ ಮಹಾಪ್ರಾಣವಾದರೆ ಚಿನ್ನವು ಗುಜರಿಯಾಗುತ್ತದೆ. ಮರಾಠಿಯಿಂದ ಬಂದ ‘ಭಂಗಾರ’ವನ್ನೂ ನಮ್ಮ ‘ಬಂಗಾರ’ವನ್ನೂ ಗುಡ್ಡಾಪುರದ ಬಾಯಿಗಳು ಒಂದೇ ಉಸಿರಿನಲ್ಲಿ ಆಡುತ್ತವೆ, ಕೇಳುವವನು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ಕಳೆದ ವರ್ಷ ಭಂಗಾರದ ವ್ಯಾಪಾರಿಯೊಬ್ಬ ನನ್ನ ಗೆಳೆಯನ ಮನೆಯ ಅಂಗಳಕ್ಕೆ ಬಂದು, ದನದ ಕೊಟ್ಟಿಗೆಯ ಪಕ್ಕದ ತಗಡಿನ ಮಾಡಿನಡಿ ನಿಂತಿದ್ದ ಕಾರನ್ನು ಬೆರಳಿನಿಂದ ಬಡಿದು ನೋಡಿದ. ಟಣ್ ಎನ್ನಲಿಲ್ಲ, ಡಬ್ ಎಂದಿತು. “ಇದು ಕಬ್ಬಿಣ ಅಲ್ಲರೀ, ಫೈಬರ್. ತೂಕಕ್ಕ ಬರಂಗಿಲ್ಲ” ಎಂದು ಹೇಳಿ ಹೊರಟೇಹೋದ. ಗುಜರಿಯವನೂ ಬೇಡವೆಂದ ಆ ವಸ್ತುವಿನ ಹಿಂದೆ ನಾವಿಬ್ಬರೂ ಹದಿನಾಲ್ಕು ತಿಂಗಳು ಕಳೆದೆವು.

ಕಾರಿನ ಹೆಸರು ಡಾಲ್ಫಿನ್. ಇಂದಿನ ಮಕ್ಕಳಿಗೆ ಅದು ಸಮುದ್ರದ ಪ್ರಾಣಿ ಮಾತ್ರ. ಆದರೆ 1982ರಲ್ಲಿ ಬೆಂಗಳೂರಿನ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ಎಂಬ ಕಾರ್ಖಾನೆ ಈ ಹೆಸರಿನ ಎರಡು ಬಾಗಿಲಿನ ಪುಟ್ಟ ಕಾರನ್ನು ಹೊರತಂದಿತ್ತು. ಸಿಪಾನಿ ಎಂದರೆ ಹಳಬರಿಗೆ ಬೇಗ ನೆನಪಾದೀತು. ಅದೇ ಕಾರ್ಖಾನೆ ಮೊದಲು ‘ಬಾದಲ್’ ಎಂಬ ಮೂರು ಗಾಲಿಯ ಕಾರನ್ನು ಮಾಡಿತ್ತು. ಡಾಲ್ಫಿನ್ನಿನ ಮೂಲ ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿಯ ‘ಕಿಟನ್’. ಕಬ್ಬಿಣದ ಚೌಕಟ್ಟು, ಅದರ ಮೇಲೆ ಫೈಬರ್ ಗ್ಲಾಸಿನ ಮೈ, 848 ಸಿ.ಸಿ.ಯ ಅಲ್ಯುಮಿನಿಯಂ ಎಂಜಿನ್ನು, ಶಕ್ತಿ ಹಿಂದಿನ ಗಾಲಿಗಳಿಗೆ. ಅಂಬಾಸಡರ್ ಮತ್ತು ಪದ್ಮಿನಿಗಳೇ ರಸ್ತೆಯ ತುಂಬ ಓಡುತ್ತಿದ್ದ ಕಾಲದಲ್ಲಿ ಅವುಗಳ ಮುಂದೆ ಇದು ಹತ್ತಿಯ ಮೂಟೆಯಷ್ಟು ಹಗುರ. ಹುಟ್ಟಿನಿಂದ ಇದು ಸ್ಪೋರ್ಟ್ಸ್ ಕಾರಲ್ಲವೆಂಬುದನ್ನು ನಾನು ವಕೀಲನಾಗಿ ಒಪ್ಪಿಕೊಳ್ಳಲೇಬೇಕು, ಸಂಸಾರಸ್ಥರ ಬಂಡಿ. ಆದರೆ ಹಗುರ ಮೈಯ ಕಾರಣಕ್ಕೆ ದಕ್ಷಿಣ ಭಾರತದ ರ‍್ಯಾಲಿಗಳಲ್ಲಿ ಓಡಿಸುವ ಹುಡುಗರು ಇದನ್ನೇ ಆರಿಸಿಕೊಂಡರು, ಹಾಗಾಗಿ ಹವ್ಯಾಸಿಗಳ ಲೆಕ್ಕದಲ್ಲಿ ಅದಕ್ಕೆ ಆ ಪದವಿ ಸಂದಿದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ನಾಲ್ಕು ಬಾಗಿಲು, ಕಡಿಮೆ ತೊಂದರೆ. ಎರಡು ಬಾಗಿಲಿನ ಡಾಲ್ಫಿನ್ನಿನ ಹಿಂದಿನ ಆಸನಕ್ಕೆ ಮಾವನವರನ್ನು ಬಗ್ಗಿಸಿ ಹತ್ತಿಸುವ ಕಷ್ಟ ಯಾರಿಗೆ ಬೇಕು? ಮುಂದೆ ‘ಮಾಂಟಾನಾ’ ಎಂಬ ಹೆಸರಿನಲ್ಲಿ ನಾಲ್ಕು ಬಾಗಿಲು ಇಟ್ಟರೂ ಕಾಲ ಮಿಂಚಿತ್ತು.

ನನ್ನ ಗೆಳೆಯನ ತಂದೆ ವಿಜಯಪುರದಲ್ಲಿ ನೌಕರಿಯಲ್ಲಿದ್ದಾಗ, 1984ರಲ್ಲಿ, ಈ ಕಾರನ್ನು ಕೊಂಡರು. ಬಿಳಿ ಬಣ್ಣ, ಮೂರಕ್ಷರದ ಹಳೆಯ ನಂಬರು. ಶನಿವಾರ ಸಂಜೆ ಅದು ಗುಡ್ಡಾಪುರಕ್ಕೆ ಬಂದಿತೆಂದರೆ ದಾನಮ್ಮನ ಗುಡಿಯ ಮುಂದೆ ಆಡುತ್ತಿದ್ದ ನಾವೆಲ್ಲ ಅದರ ಧೂಳಿನ ಹಿಂದೆ ಓಡುತ್ತಿದ್ದೆವು. ನಿವೃತ್ತಿಯ ಮೇಲೆ ಅವರು ಕಾರಿನೊಂದಿಗೆ ಊರಿಗೆ ಬಂದು ನೆಲೆಸಿದರು. 2006ರಲ್ಲಿ ಎಂಜಿನ್ನು ಕಾದು ನಿಂತಿತು. ಕಾರನ್ನು ತಳ್ಳಿ ಮಾಡಿನಡಿ ನಿಲ್ಲಿಸಿದರು, ಅಷ್ಟೆ. ಮೂರು ವರ್ಷಗಳ ಹಿಂದೆ ಅವರು ತೀರಿಕೊಂಡರು.

ಗೆಳೆಯ ಜತ್ತದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ನಾನು ಜತ್ತದ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಗುಡ್ಡಾಪುರದ ಕನ್ನಡ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತವರು. ಕೆಲಸವನ್ನು ಹಂಚಿಕೊಂಡೆವು: ಕಬ್ಬಿಣ ಅವನದು, ಕಾಗದ ನನ್ನದು. ಈ ಹಂಚಿಕೆಯನ್ನು ನಾನು ಮೀರಿದ್ದೇ ಮುಂದಿನ ಅನಾಹುತಕ್ಕೆ ಕಾರಣ.

ಮೊದಲು ಕಬ್ಬಿಣ. ಫೈಬರಿನ ಮೈ ತುಕ್ಕು ಹಿಡಿಯುವುದಿಲ್ಲ. ಹೀಗಾಗಿ ಹೊರಗಿನಿಂದ ನೋಡಿದವರಿಗೆ ಕಾರು ನೆಟ್ಟಗೆ ಕಾಣುತ್ತದೆ, ಒಳಗಿನ ಎಲುಬು ಪುಡಿಯಾಗಿರುತ್ತದೆ. ನಮ್ಮ ತಾಲೂಕಿನ ಬರಗಾಲ ಇಲ್ಲೊಂದು ಉಪಕಾರ ಮಾಡಿತ್ತು: ಒಣ ಹವೆಯಲ್ಲಿ ಚೌಕಟ್ಟಿನ ಬಲಬದಿ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಎಡಬದಿಯು ಮಾತ್ರ ಕೊಟ್ಟಿಗೆಯ ಕಡೆಗಿತ್ತು. ಹದಿನೆಂಟು ವರ್ಷ ಗಂಜಲ ಹರಿದ ಕಡೆ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದಂತೆ ಮುರಿಯಿತು. ಗೆಳೆಯ ಆ ಭಾಗವನ್ನು ಕತ್ತರಿಸಿ, ಅದೇ ಅಳತೆಯ ಹೊಸ ಕಬ್ಬಿಣವನ್ನು ಬಾಗಿಸಿ ವೆಲ್ಡ್ ಮಾಡಿದ. ಫೈಬರ್ ಮೈಯ ಬಿರುಕುಗಳಿಗೆ ಗ್ಲಾಸ್ ಮ್ಯಾಟ್ ಹಾಸಿ, ರೆಸಿನ್‌ಗೆ ಹಾರ್ಡನರ್ ಬೆರೆಸಿ ಬಳಿದೆವು. ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಅದು ಬ್ರಷ್ಷಿನಲ್ಲೇ ಗಟ್ಟಿಯಾಗುತ್ತಿತ್ತು. ಮೂರು ಬ್ರಷ್ಷು ಕಳೆದುಕೊಂಡ ಮೇಲೆ ನಸುಕಿನ ಐದು ಗಂಟೆಗೆ ಆ ಕೆಲಸ ಹಿಡಿಯುವುದನ್ನು ಕಲಿತೆವು.

ಎಂಜಿನ್ನಿನ ಕಥೆ ಸ್ವಲ್ಪ ದೊಡ್ಡದು. ಈ ಎಂಜಿನ್ನಿನಲ್ಲಿ ಅಲ್ಯುಮಿನಿಯಂ ಬ್ಲಾಕಿನೊಳಗೆ ಕಬ್ಬಿಣದ ನಾಲ್ಕು ಕೊಳವೆಗಳನ್ನು ಇಳಿಬಿಟ್ಟಿರುತ್ತಾರೆ. ಹಂಡೆಯೊಳಗೆ ನಾಲ್ಕು ಲೋಟ ನಿಲ್ಲಿಸಿ ಸುತ್ತ ನೀರು ತುಂಬಿದರೆ ಹೇಗೋ ಹಾಗೆ. ಲೈನರ್ ಎನ್ನುವ ಈ ಕೊಳವೆಗಳ ಬಾಯಿ ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಬೇಕು. ಆಗ ಮೇಲೆ ಕೂಡುವ ಹೆಡ್ಡು ಗ್ಯಾಸ್ಕೆಟ್ಟನ್ನು ಬಿಗಿಯಾಗಿ ಒತ್ತುತ್ತದೆ. ತಗ್ಗಿದರೆ ನೀರು ಎಣ್ಣೆಯೊಳಗೆ ಇಳಿಯುತ್ತದೆ. ಗೆಳೆಯನ ತಂದೆ ಕಾರಿಗೆ ಹಾಕಿದ್ದು ಬೋರಿನ ಗಡಸು ನೀರು. ಲೈನರಿನ ಸುತ್ತ ಸುಣ್ಣ ಕಟ್ಟಿ, ಅಲ್ಯುಮಿನಿಯಂ ಬೂದಿಯಂತೆ ಉದುರುತ್ತಿತ್ತು. ಪಿಸ್ಟನ್ನುಗಳು ಕಚ್ಚಿ ಕೂತಿದ್ದವು. ಡೀಸೆಲ್ಲನ್ನೂ ತುಕ್ಕು ಬಿಡಿಸುವ ಎಣ್ಣೆಯನ್ನೂ ಹಾಕಿ ಇಪ್ಪತ್ತು ದಿನ ನೆನೆಯಿಟ್ಟು, ಕಟ್ಟಿಗೆಯ ತುಂಡು ಇಟ್ಟು ಬಡಿದು ಒಂದೊಂದಾಗಿ ಬಿಡಿಸಿದ. ಟ್ರ್ಯಾಕ್ಟರಿನ ಕೈ ಅಷ್ಟು ನಾಜೂಕಾಗಬಲ್ಲುದೆಂದು ನಾನು ಎಣಿಸಿರಲಿಲ್ಲ. ಬಿಡಿಭಾಗಗಳು ಬಂದದ್ದು ಇಂಗ್ಲೆಂಡಿನಿಂದ, ಅಂಚೆಯಲ್ಲಿ. ಆ ದೇಶದ ಮೂರು ಗಾಲಿಯ ‘ರಾಬಿನ್’ ಕಾರಿಗೂ ಇದೇ ಎಂಜಿನ್ನು. ಅದರ ಹವ್ಯಾಸಿಗಳು ಅಲ್ಲಿ ಇನ್ನೂ ಇದ್ದಾರೆ, ಆದ್ದರಿಂದ ಗ್ಯಾಸ್ಕೆಟ್ಟೂ ಇನ್ನೂ ತಯಾರಾಗುತ್ತದೆ.

ಇನ್ನು ಕಾಗದ. ಗಡಿಯ ಮನೆಗಳಲ್ಲಿ ಕರ್ನಾಟಕದ ನಂಬರಿನ ಗಾಡಿ ಮಹಾರಾಷ್ಟ್ರದ ಅಂಗಳದಲ್ಲಿ ವರ್ಷಗಟ್ಟಲೆ ನಿಂತಿರುವುದು ಸಾಮಾನ್ಯ, ಆದ್ದರಿಂದ ಓದುಗರು ಇದನ್ನು ಸ್ವಲ್ಪ ಗಮನವಿಟ್ಟು ಓದಬೇಕೆಂದು ವಿನಂತಿ. 1988ರ ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗೂ ಮೀರಿ ಇಟ್ಟುಕೊಂಡರೆ ಅಲ್ಲಿಯ ಹೊಸ ನಂಬರು ಪಡೆಯಬೇಕು. ಅದಕ್ಕೆ ಹಳೆಯ ಕಚೇರಿಯಿಂದ, 48ನೆಯ ಕಲಮಿನಂತೆ, ನಿರಾಕ್ಷೇಪಣಾ ಪತ್ರ ಬೇಕು; ನಮೂನೆ 28. ಮೂವತ್ತು ದಿನದೊಳಗೆ ಕಚೇರಿಯು ಕೊಡಲೂ ಇಲ್ಲ, ನಿರಾಕರಿಸಲೂ ಇಲ್ಲವೆಂದರೆ ಕೊಟ್ಟಂತೆಯೇ ಎಂದು ಕಾಯಿದೆ ಹೇಳುತ್ತದೆ. ಕಾಯಿದೆ ಹೇಳಿದ್ದನ್ನು ಕಿಟಕಿಯ ಆಚೆಗಿರುವವರಿಗೆ ತೋರಿಸಿ ಒಪ್ಪಿಸುವುದು ಬೇರೆಯ ಕೆಲಸ. ಮಾಲಕರು ತೀರಿಕೊಂಡಿದ್ದರೆ ಉತ್ತರಾಧಿಕಾರಿಯು ಮೂವತ್ತು ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಕೊಡಬೇಕು. ನಮ್ಮದು ಮೂರು ತಿಂಗಳಲ್ಲ, ಮೂರು ವರ್ಷ. ದಂಡ ಕಟ್ಟುವುದೊಂದೇ ದಾರಿ.

“ಹಳೇ ಕಾರಲ್ಲೇನೋ, ವಿಂಟೇಜ್ ಅಂತ ಮಾಡಿಸು” ಎಂದ ಗೆಳೆಯ. 2021ರ ಜುಲೈನ ನಿಯಮದಂತೆ ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ್ದು ಮಾತ್ರ ವಿಂಟೇಜ್. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಅಕ್ಷರ. ನಮ್ಮ ಕಾರಿಗೆ ಆ ಭಾಗ್ಯ 2034ರಲ್ಲಿ. ಸದ್ಯಕ್ಕೆ ಅದು ಸಾದಾ ಮುದುಕ, ಪಿಂಚಣಿಯಿಲ್ಲದವನು. 2022ರ ಏಪ್ರಿಲ್‌ವರೆಗೆ ಇಂಥ ಕಾರಿನ ನವೀಕರಣದ ಶುಲ್ಕ 600 ರೂಪಾಯಿ ಇತ್ತು. ಅಲ್ಲಿಂದ 2025ರ ಆಗಸ್ಟ್‌ವರೆಗೆ 5,000 ಇತ್ತು.

ವಾರಸುದಾರರೆಲ್ಲರ ಸಮ್ಮತಿಯೂ ಬೇಕಲ್ಲ? ಹಿಂದೂ ಉತ್ತರಾಧಿಕಾರ ಕಾಯಿದೆಯ ಮೊದಲ ವರ್ಗದಲ್ಲಿ ಹೆಂಡತಿ, ಮಗ, ಮಗಳು ಎಲ್ಲರೂ ಒಂದೇ ಸಾಲು. ತಾಯಿಯವರು ಹೆಬ್ಬೆಟ್ಟು ಒತ್ತಿದರು. ಇಂಡಿಯಲ್ಲಿರುವ ಅಕ್ಕನಿಗಾಗಿ ನಾನು ಸಾಂಗ್ಲಿ ಕಚೇರಿಗೆ ಅನುಕೂಲವೆಂದು ಸಮ್ಮತಿಪತ್ರವನ್ನು ಮರಾಠಿಯಲ್ಲಿ ಬರೆದುಕೊಂಡು ಹೋಗಿದ್ದೆ. ಆಕೆ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನವರೆಗೆ ನೋಡಿದಳು.

“ಲೇ ತಮ್ಮಾ, ನಾ ಕಲ್ತಿದ್ದು ಕನ್ನಡ ಸಾಲ್ಯಾಗ. ನನಗ ಓದಾಕ ಬರದ ಕಾಗದಕ್ಕ ನಾ ಸಹಿ ಹಾಕಂಗಿಲ್ಲ.”

ಇಪ್ಪತ್ತು ವರ್ಷ ವಕೀಲಿ ಮಾಡಿ, ಪಕ್ಷಕಾರರಿಗೆ ಓದದೆ ಸಹಿ ಮಾಡಬೇಡಿರೆಂದು ಬುದ್ಧಿ ಹೇಳುತ್ತ ಬಂದವನು ನಾನು. ಅಲ್ಲಿಯೇ ಕೂತು ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ ಬರೆದೆ. ಓದಿದಳು. ಆದರೂ ಪೆನ್ನು ಎತ್ತಲಿಲ್ಲ. ಕಾರಿನ ಬೆಲೆಯಲ್ಲಿ ಪಾಲು ಕೇಳುವಳೇನೋ ಎಂದುಕೊಂಡೆ. ಆಕೆ ಹೇಳಿದ್ದು ಬೇರೆ. “ಅಪ್ಪ ನನ್ನ ತಮ್ಮಗ ಹದಿನಾರನೇ ವರ್ಷಕ್ಕ ಗಾಡಿ ಹೊಡಿಯಾಕ ಕಲಿಸಿದ್ರು. ನಾ ಕೇಳಿದಾಗ, ಗಂಡನ ಮನಿಗೆ ಹೋಗಿ ಕಲಿ ಅಂದ್ರು. ಗಂಡನ ಮನ್ಯಾಗ ಗಾಡಿನಽ ಇರಲಿಲ್ಲ. ಅದು ಚಾಲೂ ಆದ್ರ ಮೊದಲ ನಾ ಹೊಡೀತೀನಿ. ಇದನ್ನೂ ಬರಿ.”

ಶರತ್ತಿನ ಸಮ್ಮತಿಪತ್ರ ಕಚೇರಿಯಲ್ಲಿ ನಡೆಯುವುದಿಲ್ಲವೆಂದು ತಿಳಿಸಿ, ಆ ಮಾತನ್ನು ಬೇರೊಂದು ಹಾಳೆಯಲ್ಲಿ ಬರೆದು ಕೊಟ್ಟು, ನಾನೇ ಸಾಕ್ಷಿ ಹಾಕಿದೆ. ಗೆಳೆಯನಿಗೆ ತೋರಿಸಿದಾಗ ಅವನು ಬಹಳ ಹೊತ್ತು ಆ ಹಾಳೆಯನ್ನು ಮಡಚುತ್ತಲೇ ಇದ್ದ.

ಇದಾದ ಎರಡು ವಾರಕ್ಕೆ ನನ್ನ ಅಪರಾಧ. ಒಂದು ಭಾನುವಾರ ಗೆಳೆಯ ವೆಲ್ಡಿಂಗ್ ಕಡ್ಡಿ ತರಲು ಜತ್ತಕ್ಕೆ ಹೋಗಿದ್ದ. ಸುಮ್ಮನೆ ಕೂರಲಾರದೆ ನಾನು ಗ್ರೈಂಡರಿಗೆ ತಂತಿಯ ಬ್ರಷ್ಷು ಕಟ್ಟಿ ಚೌಕಟ್ಟಿನ ಬಲಬದಿಯ ಧೂಳು-ತುಕ್ಕುಗಳನ್ನು ತೆಗೆಯತೊಡಗಿದೆ. ಕಬ್ಬಿಣ ಬೆಳ್ಳಿಯಂತೆ ಹೊಳೆಯಿತು, ಹುರುಪು ಏರಿತು. ಮರಳಿ ಬಂದ ಗೆಳೆಯ ಬಗ್ಗಿ ನೋಡಿ, ಕೈಯಲ್ಲಿದ್ದುದನ್ನು ಕೆಳಗಿಟ್ಟ. ನಾನು ಹೊಳೆಯಿಸಿದ ಜಾಗದಲ್ಲಿಯೇ ಚಾಸಿ ನಂಬರು ಒತ್ತಲಾಗಿತ್ತು. ಕೊನೆಯ ಎರಡು ಅಂಕಿ ಕಾಣುತ್ತಿರಲಿಲ್ಲ.

ಆ ಅಂಕಿ ಇಲ್ಲದೆ ಕಾರಿಗೆ ಹೆಸರಿಲ್ಲ. ಆರ್‌ಸಿ ಪುಸ್ತಕದಲ್ಲಿ ಬರೆದದ್ದಕ್ಕೂ ಕಬ್ಬಿಣದ ಮೇಲಿರುವುದಕ್ಕೂ ತಾಳೆಯಾಗದಿದ್ದರೆ ಪರಿಶೀಲಿಸುವ ಅಧಿಕಾರಿಗೆ ಬರುವ ಮೊದಲ ಅನುಮಾನ ಕಳವಿನದು, ಮತ್ತು ಬರಬೇಕಾದದ್ದೂ ಅದೇ. ಎಷ್ಟೋ ಪ್ರಕರಣಗಳಲ್ಲಿ ಎದುರಾಳಿಯ ಸಾಕ್ಷ್ಯ ಕೆಡಿಸಿದ ಪೊಲೀಸರನ್ನು ಪಾಟೀಸವಾಲಿನಲ್ಲಿ ಬೆವರಿಳಿಸಿದವನು ನಾನು. “ವಕೀಲಾ, ನಿನ್ನ ಪಕ್ಷಕಾರನ ಹೆಸರ ನೀನಽ ಅಳಿಸಿದೆಲ್ಲೋ” ಎಂದಷ್ಟೇ ಅಂದು ಅವನು ಮಾಡಿನ ಪರದೆ ಇಳಿಸಿದ. ಐದು ವಾರ ನನ್ನೊಡನೆ ಮಾತಾಡಲಿಲ್ಲ. ಕೋರ್ಟಿನಿಂದ ಮರಳುವಾಗ ಅವನ ಅಂಗಡಿಯ ಮುಂದೆ ನಾನು ಗಾಡಿಯ ವೇಗ ಕಡಿಮೆ ಮಾಡುತ್ತಿದ್ದೆ, ಅವನು ತಲೆ ಎತ್ತುತ್ತಿರಲಿಲ್ಲ. ಅದು ಅವನ ತಂದೆಯ ಕಾರು, ನನಗೆ ಅದೊಂದು ಭಾನುವಾರದ ಹವ್ಯಾಸ. ಈ ಅಂತರವನ್ನು ನಾನು ಅಲ್ಲಿಯವರೆಗೆ ಲೆಕ್ಕಕ್ಕೆ ಹಿಡಿದಿರಲಿಲ್ಲ.

ದಾರಿ ತೋರಿಸಿದವಳು ಅವನ ಮಗಳು, ಕನ್ನಡ ಶಾಲೆಯ ಐದನೆಯ ತರಗತಿ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆಂದು ವಿಜಯಪುರದ ಕಡೆಯಿಂದ ನಡೆದು ಬರುವ ಭಕ್ತರಿಗೆ ಅವರ ಅಂಗಳದಲ್ಲಿ ನೀರು, ಚಹಾ ಕೊಡುವ ರೂಢಿ; ಆ ನೆವದಿಂದ ನಾನೂ ಹೋಗಿದ್ದೆ. ಹುಡುಗಿ ನಾಣ್ಯದ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ ಸಿಂಹದ ಮುಖ ಮೂಡಿಸುತ್ತ ಕೂತಿದ್ದಳು. ಶಾಲೆಯಲ್ಲಿ ಕಲಿಸಿದ್ದಂತೆ. ಸವೆದ ಹಳೆಯ ನಾಲ್ಕಾಣೆಯಲ್ಲಿ ಕಣ್ಣಿಗೆ ಕಾಣದ್ದು ಹಾಳೆಯ ಮೇಲೆ ಕಂಡಿತು. ನಾನು ಗೆಳೆಯನ ಮುಖ ನೋಡಿದೆ, ಅವನು ನನ್ನದು. ಆರ್‌ಟಿಓ ಕಚೇರಿಯವರೂ ಚಾಸಿ ನಂಬರಿನ ಪೆನ್ಸಿಲ್ ಪ್ರತಿಯನ್ನೇ ತೆಗೆದುಕೊಳ್ಳುವುದು. ಇಷ್ಟು ದಿನ ಇಬ್ಬರಿಗೂ ಹೊಳೆದಿರಲಿಲ್ಲ.

“ಕಾಕಾ, ಒತ್ತಿ ಹಿಡಿಬ್ಯಾಡ್ರಿ, ಹಗೂರಕ ಉಜ್ಜಬೇಕು” ಎಂದು ನನ್ನ ಕೈಯಿಂದ ಪೆನ್ಸಿಲ್ ಕಸಿದುಕೊಂಡು ಆಕೆಯೇ ಕಾರಿನ ಕೆಳಗೆ ಮಲಗಿದಳು. ಮೊದಲ ಎರಡು ಹಾಳೆ ಬರಿ ಕಪ್ಪು. ಮೂರನೆಯದರಲ್ಲಿ ನಸು ಬಿಳಿಯಾಗಿ ಒಂದು 4, ಅದರ ಪಕ್ಕ 7ರ ಮೇಲುಗೆರೆ. ಪುಸ್ತಕದಲ್ಲಿಯೂ 47. ಕುತ್ತಿಗೆಯ ಟವೆಲಿನಿಂದ ಗೆಳೆಯ ಮುಖ ಒರೆಸಿಕೊಂಡು, ನನಗೆ ಚಹಾ ತರಲು ಹೇಳಿದ.

ಎಂಜಿನ್ನು ಜನವರಿಯಲ್ಲಿ ಹೊತ್ತಿಕೊಂಡಿತು. ಬಣ್ಣ ಇನ್ನೂ ಬಳಿದಿಲ್ಲ, ಮೈಯೆಲ್ಲ ತೇಪೆ. ವಿಜಯಪುರದ ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಬಾಕಿಯಿದೆ, ಅದಾದ ಮೇಲೆ ನಿರಾಕ್ಷೇಪಣಾ ಪತ್ರ, ಆಮೇಲೆ ಸಾಂಗ್ಲಿ. ಅಲ್ಲಿಯವರೆಗೆ ರಸ್ತೆಗೆ ತರುವಂತಿಲ್ಲ. ಆದರೆ ಸ್ವಂತ ಹೊಲ ಸಾರ್ವಜನಿಕ ಸ್ಥಳವಲ್ಲವೆಂದು ಕಾಯಿದೆಯ ವ್ಯಾಖ್ಯೆಯನ್ನು ಎರಡು ಸಲ ಓದಿ ಖಚಿತಪಡಿಸಿಕೊಂಡೆ.

ಕಳೆದ ಭಾನುವಾರ ಅಕ್ಕ ಇಂಡಿಯಿಂದ ಬಂದಳು, ಆ ಹಾಳೆಯನ್ನು ಚೀಲದಲ್ಲಿ ಇಟ್ಟುಕೊಂಡೇ. ಕಾರನ್ನು ತಳ್ಳಿಕೊಂಡು ಜೋಳ ಕಿತ್ತ ಹೊಲಕ್ಕೆ ತಂದೆವು. ಸೆರಗು ಬಿಗಿದುಕೊಂಡು ಚಾಲಕರ ಆಸನದಲ್ಲಿ ಕೂತಳು. ಪಕ್ಕದಲ್ಲಿ ತಮ್ಮ, ಹಿಂದೆ ಮಡಚಿಕೊಂಡು ನಾನು ಮತ್ತು ಹುಡುಗಿ. ಎರಡು ಸಲ ಕ್ಲಚ್ ಬಿಟ್ಟು ಕಾರು ಜಿಗಿದು ನಿಂತಿತು. ತಮ್ಮ ಏನೋ ಹೇಳಹೋದ. “ನೀ ಸುಮ್ನ ಕೂಡು” ಎಂದಳು. ಮೂರನೆಯ ಸಲಕ್ಕೆ ಬಂಡಿ ಹೊರಟಿತು, ಬದುವಿನವರೆಗೆ ನೆಟ್ಟಗೆ ಹೋಯಿತು, ತಿರುಗಿಸಲು ಬಾರದೆ ಅಲ್ಲಿಯೇ ನಿಂತಿತು.